ಎಮರಿ ಸ್ಟ್ರೌಡ್ ಕೂರಿಸಿದ ಕೊಳವೆ

ಎಮರಿ ಸ್ಟ್ರೌಡ್ ನಮ್ಮಲ್ಲಿ ಕೆಲಸಕ್ಕೆ ಸೇರಿದಾಗ ಅವನಿಗೆ ಐವತ್ತೊಂಬತ್ತು ವರ್ಷ. ಅದಕ್ಕೆ ಮುಂಚೆ ಮೂವತ್ತೈದು ವರ್ಷ ತಗಡಿನ ಕೆಲಸ ಮಾಡಿದವನು. ಶಾಲೆಯೋ ಆಸ್ಪತ್ರೆಯೋ ಅಂಗಡಿಯೋ, ನಮ್ಮ ಕಡೆ ಯಾವ ಹೊಸ ಕಟ್ಟಡ ಎದ್ದರೂ ಅದರ ಚಾವಣಿಯೊಳಗೆ ಬಿಸಿಗಾಳಿ, ತಂಗಾಳಿ ಓಡಾಡುವ ಕೊಳವೆಗಳನ್ನು ಮಡಿಸಿ, ಜೋಡಿಸಿ, ನೇತುಹಾಕುತ್ತಿದ್ದ. ಬೆರಳುಗಳ ತುಂಬ ತಗಡು ಕೊಯ್ದ ಬಿಳಿ ಗೆರೆಗಳಿದ್ದವು. ಬಲಭುಜ ಕೆಟ್ಟು, ತೋಳನ್ನು ತಲೆಯಿಂದ ಮೇಲಕ್ಕೆ ಎತ್ತಲಾಗದೆ ಹೋದ ಮೇಲೆ ಆ ಕಸುಬು ಬಿಟ್ಟು ಕೌಂಟಿಯ, ಅಂದರೆ ನಮ್ಮ ಜಿಲ್ಲಾ ಆಡಳಿತದ, ಕಟ್ಟಡ ನೋಡಿಕೊಳ್ಳುವ ಈ ಕೆಲಸಕ್ಕೆ ಅರ್ಜಿ ಹಾಕಿದ್ದ.

ನಮ್ಮದು ನಾಯಿದೊಡ್ಡಿ. ಬೋರ್ಡಿನ ಮೇಲೆ ‘ಲಾರ್ಕಿನ್ ಕೌಂಟಿ ಪ್ರಾಣಿ ಆಶ್ರಯ’ ಅಂತಿದೆ. ಊರವರ ಬಾಯಲ್ಲಿ ಇವತ್ತಿಗೂ ನಾಯಿದೊಡ್ಡಿಯೇ. ಕಸದ ಗುಡ್ಡಕ್ಕೆ ಹೋಗುವ ರಸ್ತೆಯ ತುದಿಯಲ್ಲಿ, ಹೊಳೆಯ ಕಡೆಗೆ ಬೆನ್ನು ಹಾಕಿ ನಿಂತ ಉದ್ದನೆಯ ತಗಡಿನ ಕಟ್ಟಡ. ನಾನು ಅಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ನಾಯಿ ಕಳೆದುಕೊಂಡವರು, ನಾಯಿ ಬೇಡವಾದವರು, ನಾಯಿ ಬೇಕು ಅಂತ ಬಂದವರು, ಎಲ್ಲರೂ ಮೊದಲು ನನ್ನ ಮುಖವನ್ನೇ ನೋಡಬೇಕು. ಹದಿನಾರು ವರ್ಷ ಆ ಬೊಗಳಾಟದ ನಡುವೆ ಕೂತು ನನ್ನ ಎಡಗಿವಿ ಅರ್ಧ ಹೋಗಿದೆ.

ಮೊದಲ ದಿನ ಎಮರಿಗೆ ಬೀಗದ ಕೈಗೊಂಚಲು ಕೊಡುತ್ತ, “ನಾಯಿ ಅಂದ್ರೆ ಇಷ್ಟನಾ ನಿಂಗೆ?” ಅಂತ ಕೇಳಿದೆ.

“ಬಾಯ್ಲರ್ ಅಂದ್ರೆ ಇಷ್ಟ,” ಅಂದ. “ಅದು ಕಚ್ಚಲ್ಲ.”

“ಇಲ್ಲಿ ನೀನು ನಾಯಿಮನೇನೂ ತೊಳೀಬೇಕಾಗತ್ತೆ, ಗೊತ್ತಲ್ಲ?”

“ತೊಳೆಯೋಣ. ಈ ಕಟ್ಟಡ ನಂಗೆ ಗೊತ್ತು ಲೋಯಿಸ್. ಇಲ್ಲಿರೋ ತಗಡಿನ ಕೆಲಸ ಎಲ್ಲ ನಂದೇ. ಹದಿನೇಳು ವರ್ಷದ ಹಿಂದೆ ಮಾಡಿದ್ದು.” ಹೇಳುವಾಗ ಕತ್ತೆತ್ತಿ ಚಾವಣಿಯನ್ನು ನೋಡಿದ. ಆ ನೋಟದಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಅವನಿಗೆ ನಾಯಿಮನೆ ತೊಳೆಯುವುದು ಮೊದಲಿಂದಲೂ ಹಿಡಿಸಲಿಲ್ಲ. ಕೆಲಸ ಹೊಲಸು ಅಂತಲ್ಲ. ನಮ್ಮಲ್ಲಿ ಒಂದು ನಾಯಿಗೆ ಒಂದೇ ಗೂಡು. ತೊಳೆಯುವಾಗ ಅದನ್ನು ಕೂಡಿಡಲು ಬೇರೆ ಜಾಗ ಇರಲಿಲ್ಲ. ಪೈಪು ಹಿಡಿದು ನೀರು ಬಿಟ್ಟರೆ ನಾಯಿ ಮೂಲೆಗೆ ಅಂಟಿ ನಡುಗುತ್ತಿತ್ತು. ಜನವರಿಯಲ್ಲೂ ಅಷ್ಟೇ. ಒಂದರ ಗೂಡಿನ ನೀರು ಪಕ್ಕದ ಗೂಡಿನ ಕೆಳಗೆ ಹರಿದು ಚರಂಡಿ ಸೇರುತ್ತಿತ್ತು. ಎದುರುಬದುರು ಗೂಡುಗಳು, ನಡುವೆ ಬರೀ ಸರಳು. ಒಂದು ನಾಯಿ ಬೊಗಳಿದರೆ ನಲವತ್ತೂ ಬೊಗಳಲೇಬೇಕು. ಎಮರಿ ಸೇರಿದ ಎರಡೇ ತಿಂಗಳಲ್ಲಿ ಹಳೆ ಹಲಗೆ, ತಗಡು ಸೇರಿಸಿ ಪ್ರತಿ ಗೂಡಿಗೂ ನೆಲದಿಂದ ಒಂದಡಿ ಎತ್ತರದ ಮಣೆ ಮಾಡಿಕೊಟ್ಟ. ನಾಯಿಗಳು ನೀರು ಬಂದಾಗ ಅದರ ಮೇಲೆ ಹತ್ತಿ ನಿಲ್ಲುವುದನ್ನು ಕಲಿತವು. ಯಾರಾದರೂ ಹೊಗಳಿದರೆ, “ಕಟ್ಟಿರೋದೇ ಸರಿಯಿಲ್ಲ. ತೇಪೆ ಹಾಕಿದ್ದಕ್ಕೆ ಏನು ಹೊಗಳ್ತೀರ,” ಅನ್ನುತ್ತಿದ್ದ.

ಅವನು ಬಂದ ಎರಡನೆಯ ಚಳಿಗಾಲದಲ್ಲಿ ಡಿಸ್ಟೆಂಪರ್ ಅನ್ನುವ ನಾಯಿಗಳ ಅಂಟುರೋಗ ಬಂತು. ಮೊದಲು ಕಣ್ಣು ಮೂಗು ಸೋರುತ್ತದೆ, ಆಮೇಲೆ ಕೆಮ್ಮು, ಕೊನೆಗೆ ದವಡೆ ಕಟಕಟ ಅದುರಿ ಕೈಕಾಲು ಸೆಟೆದುಕೊಳ್ಳುತ್ತವೆ. ದೊಡ್ಡ ನಾಯಿಗಳಲ್ಲಿ ಕೆಲವು ಬದುಕುತ್ತವೆ. ಲಸಿಕೆ ಇನ್ನೂ ಹಿಡಿಯದ ಮರಿಗಳು ಬದುಕುವುದಿಲ್ಲ ಅಂತಲೇ ಹೇಳಬೇಕು. ಕೆಮ್ಮುವ ನಾಯಿಗಳನ್ನು ಕಟ್ಟಡದ ಹಿಂದಿನ ತುದಿಯ ಕಾಯಿಲೆ ಕೋಣೆಗೆ ಹಾಕಿದೆವು. ಮರಿಗಳ ಕೋಣೆ ಮುಂದಿನ ತುದಿಯಲ್ಲಿ. ನಡುವೆ ಎರಡು ಬಾಗಿಲು, ಉದ್ದದ ಹಜಾರ. ಬ್ಲೀಚಿನಲ್ಲಿ ಕೈ ತೊಳೆದು ತೊಳೆದು ನಮ್ಮ ಚರ್ಮ ಸುಲಿದುಹೋಯಿತು. ಆದರೂ ಮೂರನೇ ವಾರ ಮರಿಗಳು ಕೆಮ್ಮತೊಡಗಿದವು. ಫೆಬ್ರವರಿ ಮುಗಿಯುವುದರೊಳಗೆ ಇಪ್ಪತ್ತೆರಡು ಮರಿಗಳು ಹೋದವು. ಕೆಲವು ತಾವಾಗಿ ಸತ್ತವು, ಉಳಿದವಕ್ಕೆ ಡಾಕ್ಟರ್ ಟ್ರೂಯಿಟ್ ಸಾಯಿಸುವ ಸೂಜಿ ಚುಚ್ಚಿದರು. ಅವರು ವಾರಕ್ಕೆರಡು ದಿನ ಪಕ್ಕದ ಕೌಂಟಿಯಿಂದ ಬರುವ ವೈದ್ಯೆ. ಆ ತಿಂಗಳು ದಿನಾ ಬಂದರು.

ಇಷ್ಟೆಲ್ಲ ಆದ ಮೇಲೆ ಯಾರೋ ಒಬ್ಬರು ತಪ್ಪು ಮಾಡಿರಲೇಬೇಕಲ್ಲ. ಮಾರ್ವಾ ಕಿಂಬಲ್ ಸಿಕ್ಕಳು.

ಮಾರ್ವಾ ಮರಿಗಳ ಕೋಣೆಯನ್ನು ಒಂಬತ್ತು ವರ್ಷದಿಂದ ನೋಡಿಕೊಂಡಿದ್ದವಳು. ತಾಯಿ ಸತ್ತ ಮರಿಗಳಿಗೆ ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಹಾಕುವಳು. ಒಂದು ಮಧ್ಯಾಹ್ನ ಕಾಯಿಲೆ ಕೋಣೆಯಲ್ಲಿ ಕೈ ಸಾಲದೆ ಇದ್ದಾಗ ಅವಳೇ ಹೋಗಿ ಸಹಾಯ ಮಾಡಿದ್ದಳು. ವಾಪಸು ಬರುವಾಗ ಏಪ್ರನ್ ಬದಲಿಸಿದಳು. ಬೂಟು ಬದಲಿಸಲಿಲ್ಲ. ಅದನ್ನು ಕಂಡವಳು ನಾನು. ನಮ್ಮ ಮೇಲಧಿಕಾರಿ ರೋಂಡಾ ಪಿಕೆನ್ಸ್ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿದಾಗ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಾರ್ವಾಳೂ ಒಪ್ಪಿಕೊಂಡಳು. “ಒಂದ್ಸಲ ಮರೆತೆ,” ಅಂದಳು. “ಒಂದೇ ಸಲ.” ಆ ಶುಕ್ರವಾರ ಅವಳನ್ನು ಕೆಲಸದಿಂದ ತೆಗೆದರು. ಊರಿನವರು ಫೇಸ್‌ಬುಕ್ಕಿನಲ್ಲಿ ಅವಳ ಹೆಸರು ಹಾಕಿ, ‘ಮರಿ ಕೊಂದವಳು’ ಅಂತ ಬರೆದರು. ಅವಳು ತನ್ನ ಲಾಕರಿನಿಂದ ಸ್ವೆಟರು, ಊಟದ ಡಬ್ಬಿ ತೆಗೆದುಕೊಂಡು ನನ್ನ ಮೇಜಿನ ಮುಂದೆಯೇ ಹಾದುಹೋದಳು. ನಾನು ಫೋನಿನಲ್ಲಿ ಮಾತಾಡುವವಳಂತೆ ಮುಖ ತಿರುಗಿಸಿ ಕೂತೆ.

ಮಾರ್ಚ್ ತಿಂಗಳ ಒಂದು ಬುಧವಾರ. ಕಾಯಿಲೆ ಕೋಣೆಯ ಕಪಾಟಿನಿಂದ ನೆಲ ಒರೆಸುವ ಔಷಧಿಯ ದೊಡ್ಡ ಡಬ್ಬಿ ಬಿದ್ದು ಒಡೆಯಿತು. ಪೈನ್ ಮರದ ಘಾಟು ವಾಸನೆಯದು. ಎಮರಿ ಬಾಗಿಲು ಮುಚ್ಚಿಕೊಂಡು ಒರೆಸುತ್ತಿದ್ದ. ಮಾರ್ವಾಳ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ಹಾಗಾಗಿ ಮರಿಗಳ ಕೋಣೆಯಲ್ಲಿ ನಾನು ತೂಕ ಮಾಡುತ್ತಿದ್ದೆ. ಐದು ನಿಮಿಷ ಆಗಿರಲಿಲ್ಲ, ನನ್ನ ತಲೆಯ ಮೇಲಿಂದ ಪೈನ್ ವಾಸನೆ ಸುರಿದ ಹಾಗೆ ಬಂತು. ಮರಿಗಳು ಸೀನಿದವು. ಎಲ್ಲಿಂದ ಬಂತು ನೋಡೋಣ ಅಂತ ಹಜಾರಕ್ಕೆ ಹೋದೆ. ಹಜಾರದಲ್ಲಿ ವಾಸನೆಯೇ ಇರಲಿಲ್ಲ.

ನಗುತ್ತಲೇ ಹೋಗಿ ಹೇಳಿದೆ. “ಏನಯ್ಯಾ, ನಿನ್ನ ಔಷಧಿ ಗೋಡೆ ಹಾರ್ಕೊಂಡು ಬಂತಾ? ಮರಿ ಕೋಣೆ ಎಲ್ಲ ಘಮಘಮ ಅಂತಿದೆ. ಹಜಾರದಲ್ಲಿ ಮಾತ್ರ ಏನೂ ಇಲ್ಲ.”

ಎಮರಿ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದ. “ಹಜಾರದಲ್ಲಿ ಇಲ್ವಾ?”

“ಇಲ್ಲ.”

“ಸರಿಯಾಗಿ ನೋಡಿದ್ಯಾ?”

“ನನ್ನ ಕಿವಿ ಹೋಗಿರಬಹುದು, ಮೂಗು ಹೋಗಿಲ್ಲ.”

ಅವನು ಶೌಚಾಲಯದ ಕಾಗದದ ಒಂದು ತುಂಡು ಹರಿದು, ಸ್ಟೂಲು ಹತ್ತಿ, ಚಾವಣಿಯಲ್ಲಿದ್ದ ಜಾಲರಿಗೆ ಹಿಡಿದ. ಕಾಗದ ಅವನ ಕೈಯಿಂದ ಕಿತ್ತುಕೊಂಡು ಜಾಲರಿಗೆ ಅಂಟಿತು. ಗಾಳಿ ಜೋರಾಗಿ ಒಳಕ್ಕೆ ಎಳೆಯುತ್ತಿತ್ತು. ಆಮೇಲೆ ಏಣಿ ತಂದ. “ಹಿಡ್ಕೋ,” ಅಂದ. ಹಜಾರದ ಚಾವಣಿಯ ಹಲಗೆ ಸರಿಸಿ, ಒಳ್ಳೆಯ ಕೈಯಲ್ಲಿ ಟಾರ್ಚು ಹಿಡಿದು, ಸೊಂಟದವರೆಗೆ ಮೇಲೆ ಹೋದ. ಬಹಳ ಹೊತ್ತು ಬರಲಿಲ್ಲ.

“ಏನಿದೆ ಮೇಲೆ?”

“ನನ್ನ ಹೆಸರು.”

ಕೆಳಗಿಳಿದು ಮೆಟ್ಟಿಲ ಮೇಲೇ ಕೂತು ಹೇಳಿದ. ತಗಡಿನವರಿಗೆ ಒಂದು ಅಭ್ಯಾಸವಂತೆ. ಕೊನೆಯ ತುಂಡು ಕೂರಿಸುವ ಮೊದಲು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಹೆಸರು, ತಾರೀಖು ಬರೆಯುವುದು. ಅದು ಅಲ್ಲಿತ್ತು. ಕಟ್ಟಡದ ನಕ್ಷೆಯಲ್ಲಿ ಕಾಯಿಲೆ ಕೋಣೆಯ ಗಾಳಿಯನ್ನು ಹೀರಿ ನೇರವಾಗಿ ಮಾಡಿನ ಮೇಲಕ್ಕೆ ಉಗುಳುವ ಬೇರೆ ಫ್ಯಾನು ಇತ್ತು. ಗುತ್ತಿಗೆ ಹಿಡಿದು ಕಟ್ಟಿಸುತ್ತಿದ್ದವನು ಗ್ಯಾರೆಟ್ ವಾರ್ನಿಕ್, ಆಗ ಎಮರಿಯ ಯಜಮಾನ. ಫ್ಯಾನು ಬರುವುದು ಆರು ವಾರ ತಡವಾಗುತ್ತದೆ ಅಂತ ಗೊತ್ತಾದ ದಿನ ಗ್ಯಾರೆಟ್ ಏಣಿಯ ಕೆಳಗೆ ನಿಂತು, ಆ ಕೊಳವೆಯನ್ನು ಮುಖ್ಯ ಕೊಳವೆಗೇ ಸೇರಿಸಿಬಿಡು ಅಂದ. ಕಾಯಿಲೆ ನಾಯಿಗಳು ಬಿಟ್ಟ ಉಸಿರು ಕಟ್ಟಡದ ಬಿಸಿಯಂತ್ರದೊಳಗೆ ಹೋಗಿ, ಬೆಚ್ಚಗಾಗಿ, ಎಲ್ಲ ಕೋಣೆಗೂ ಹಂಚಿಹೋಗುವಂತಾಯಿತು. ಮರಿಗಳ ಕೋಣೆ ಯಂತ್ರಕ್ಕೆ ಎಲ್ಲಕ್ಕಿಂತ ಹತ್ತಿರ.

“ನೀನು ಏನೂ ಅನ್ಲಿಲ್ವಾ?”

“ಕೇಳ್ದೆ. ಒಂದೇ ಸಲ ಕೇಳ್ದೆ. ‘ನಾಯಿಗಳು ಕಣೋ ಎಮರಿ, ಆಪರೇಷನ್ ಥಿಯೇಟರ್ ಅಲ್ಲ’ ಅಂದ. ನಾನೂ ನಕ್ಕೆ. ಮಧ್ಯಾಹ್ನ ಆಗೋದ್ರೊಳಗೆ ಸೇರಿಸ್ಬಿಟ್ಟೆ.” ಅಂಗೈಯಿಂದ ಮಂಡಿ ಉಜ್ಜಿಕೊಂಡ. “ಆಮೇಲೆ ಮರೆತೇಹೋಯ್ತು ಲೋಯಿಸ್. ಎರಡು ವರ್ಷದಿಂದ ಇದರ ಕೆಳಗೇ ಓಡಾಡ್ತಿದೀನಿ. ಮರಿಗಳನ್ನ ಚೀಲದಲ್ಲಿ ಹಾಕಿ ಹೊತ್ಕೊಂಡು ಹೋದವನೂ ನಾನೇ.”

ಮಾರನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಒಂದು ತಗಡು ಕತ್ತರಿಸಿ, ಆ ಸೇರುವೆಗೆ ಅಡ್ಡ ಹಾಕಿ, ಅಂಚಿಗೆಲ್ಲ ಅಂಟು ಬಳಿದ. ಏಣಿ ಹಿಡಿದದ್ದು ಮತ್ತೆ ನಾನೇ.

“ರೋಂಡಾಗೆ ಹೇಳಲ್ವಾ?”

“ಹೇಳ್ತೀನಿ. ಸ್ವಲ್ಪ ದಿನ ಕೊಡು.”

ಕೊಟ್ಟೆ. ಅವನಿಗಾಗಿ ಕೊಟ್ಟೆ ಅಂದರೆ ಸುಳ್ಳಾಗುತ್ತದೆ. ಅವನು ಬಾಯಿ ಬಿಟ್ಟರೆ ಮಾರ್ವಾಳ ಬೂಟಿನ ಮಾತು ಮತ್ತೆ ಏಳುತ್ತದೆ, ಅದನ್ನು ಹೇಳಿದವಳು ನಾನು.

ಎರಡು ವಾರ ಕಳೆಯಿತು. ಹೊಸದಾಗಿ ಬಂದ ಮರಿಗಳಲ್ಲಿ ಒಂದೂ ಕೆಮ್ಮಲಿಲ್ಲ. ರೋಂಡಾ ಬಹಳ ದಿನದ ಮೇಲೆ ನಗುಮುಖದಲ್ಲಿ ಎಲ್ಲರಿಗೂ ಡೋನಟ್ ತಂದಳು. ಅವಳು ಕೆಟ್ಟವಳಲ್ಲ. ಆ ಫೆಬ್ರವರಿಯಲ್ಲಿ ಅವಳ ಕೂದಲು ಹಿಡಿಹಿಡಿಯಾಗಿ ಉದುರಿದ್ದನ್ನು ನಾನೇ ನೋಡಿದ್ದೆ. ಮೇಜಿಗೆ ಒರಗಿ ನಿಂತು, “ನೋಡಿದ್ರಾ, ಮಾರ್ವಾ ಹೋದ್ಲು, ರೋಗಾನೂ ಹೋಯ್ತು,” ಅಂದಳು. “ನಂಗೂ ಅವಳನ್ನ ಕಳಿಸೋಕೆ ಮನಸ್ಸಿರಲಿಲ್ಲ. ಆದ್ರೆ ಈಗ ಗೊತ್ತಾಯ್ತಲ್ಲ.”

ಎಮರಿ ಕೈಯಲ್ಲಿದ್ದ ಡೋನಟ್ಟನ್ನು ಪೆಟ್ಟಿಗೆಯಲ್ಲಿ ವಾಪಸಿಟ್ಟು ಹೊರಗೆ ಹೋದ. ಅವನು ಹಾಕಿದ ತಗಡೇ ಮಾರ್ವಾಳ ಮೇಲಿನ ದೂರನ್ನು ಗಟ್ಟಿ ಮಾಡಿತ್ತು.

ಇನ್ನೊಂದು ಕಡೆ ಕಾಯಿಲೆ ಕೋಣೆ ಕೆಡುತ್ತ ಬಂತು. ಅಲ್ಲಿಂದ ಗಾಳಿ ಹೊರಗೆ ಹೋಗಲು ಇದ್ದ ಒಂದೇ ದಾರಿಯನ್ನು ಅವನು ಮುಚ್ಚಿದ್ದ. ಉಚ್ಚೆಯ ಘಾಟು ನಿಂತು, ಒಳಗೆ ಕಾಲಿಟ್ಟರೆ ಕಣ್ಣು ಉರಿಯುತ್ತಿತ್ತು. ಗೋಡೆ ಬೆವರುತ್ತಿತ್ತು. ಎಮರಿ ದಿನಕ್ಕೆ ನಾಲ್ಕು ಸಲ ಹೋಗಿ ಹಿಂದಿನ ಬಾಗಿಲು ತೆರೆದಿಟ್ಟು, ಚಳಿಗೆ ನಾಯಿಗಳು ಮುದುಡಿದ ಕೂಡಲೆ ಮತ್ತೆ ಮುಚ್ಚುತ್ತಿದ್ದ. ಅಲ್ಲೊಂದು ಪಟ್ಟೆಪಟ್ಟೆ ಬಣ್ಣದ ಮುದಿ ಬೇಟೆನಾಯಿ ಇತ್ತು. ಡಿಸ್ಟೆಂಪರ್ ಗೆದ್ದು ಎದ್ದು ನಿಂತಿತ್ತು. ಆ ಗಾಳಿಯಲ್ಲಿ ಮತ್ತೆ ಬಿತ್ತು. ಮಂಗಳವಾರ ಡಾಕ್ಟರ್ ಟ್ರೂಯಿಟ್ ಅದರ ಎದೆಗೆ ಕಿವಿಗೊಟ್ಟು, “ಇದಕ್ಕೆ ನ್ಯುಮೋನಿಯಾ ಆಗಿದೆ. ಈ ಕೋಣೆಯಲ್ಲಿ ಗಾಳಿ ಯಾಕೆ ಹೀಗೆ ನಿಂತ್ಹೋಗಿದೆ?” ಅಂದರು. ಎಮರಿ ಹಿಂದಿನ ಬಾಗಿಲು ತೆರೆಯಲು ಹೋದ. ಗುರುವಾರ ಅದು ಸತ್ತಿತು. ಅವನೇ ಕಂಬಳಿ ಸುತ್ತಿ ಎತ್ತಿಕೊಂಡು ಹೋದ, ಕೆಟ್ಟ ತೋಳು ಒಪ್ಪದೆ ಅರ್ಧ ದಾರಿಯಲ್ಲಿ ಮಂಡಿಯೂರಿ ಕೂತ. ನಾನು ಇನ್ನೊಂದು ತುದಿ ಹಿಡಿದೆ.

“ನಂಗೆ ಇದನ್ನ ಸರಿಯಾಗಿ ಮುಚ್ಚೋಕೂ ಆಗ್ಲಿಲ್ಲ, ತೆರೆಯೋಕೂ ಆಗ್ಲಿಲ್ಲ,” ಅಂದ.

ಅವನು ಮೊದಲು ಹೇಳಿದ್ದು ಹೆಂಡತಿ ವಿಲ್ಡಾಗೆ. ಆಕೆ ಹುರುಳಿಕಾಯಿ ಸೋಸುತ್ತ ಕೇಳಿಸಿಕೊಂಡು, “ಆ ಮಾರ್ವಾಗೆ ಹೇಳಿದ್ಯಾ?” ಅಂತ ಒಂದೇ ಪ್ರಶ್ನೆ ಕೇಳಿದಳಂತೆ. ಇಲ್ಲ ಅಂದಾಗ, “ಹಂಗಿದ್ರೆ ನಂಗ್ಯಾಕೆ ಹೇಳ್ತಿದೀಯ?” ಅಂದು ಒಲೆಯ ಕಡೆ ತಿರುಗಿದಳಂತೆ.

ಮರುದಿನ ಗ್ಯಾರೆಟ್ ವಾರ್ನಿಕ್‌ನನ್ನು ನೋಡಲು ಹೋದ. ಗ್ಯಾರೆಟ್ ಈಗ ಕಟ್ಟಡ ಕಟ್ಟುವುದು ಬಿಟ್ಟು ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳಲ್ಲಿ ಒಬ್ಬ. ಸೇತುವೆ ಪಕ್ಕದ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಕಿಟಕಿ ಮೇಜಿನಲ್ಲಿ ಕೂತಿರುತ್ತಾನೆ. ಅವರಿಬ್ಬರದು ಬರೀ ಯಜಮಾನ, ಆಳು ಅನ್ನುವ ಸಂಬಂಧ ಆಗಿರಲಿಲ್ಲ. ಎಮರಿಯ ಮಗಳು ಕಾರು ಅಪಘಾತದಲ್ಲಿ ಹೋದ ವರ್ಷ, ಒಂದು ತಗಡೂ ನೆಟ್ಟಗೆ ಕತ್ತರಿಸಲಾಗದ ಎಮರಿಯನ್ನು ಗ್ಯಾರೆಟ್ ಇಡೀ ಚಳಿಗಾಲ ಕೆಲಸದಲ್ಲಿಟ್ಟುಕೊಂಡಿದ್ದ. ಲಾರಿಯಲ್ಲಿ ಪಕ್ಕ ಕೂರಿಸಿಕೊಂಡು ಸುಮ್ಮನೆ ಊರೂರು ತಿರುಗಿಸುತ್ತಿದ್ದ.

ಅಲ್ಲಿ ನಡೆದ ಮಾತನ್ನು ಎಮರಿ ನನಗೆ ಅಕ್ಷರ ಬಿಡದೆ ಹೇಳಿದ. ಗ್ಯಾರೆಟ್ ಮೊಟ್ಟೆ ತಿನ್ನುತ್ತಲೇ ಎಲ್ಲ ಕೇಳಿದ. “ಎಷ್ಟು ಜನಕ್ಕೆ ಗೊತ್ತು?”

“ಲೋಯಿಸ್‌ಗೆ. ವಿಲ್ಡಾಗೆ.”

“ಸರಿ. ನನ್ನ ಹಳೇ ಗೋಡೌನಲ್ಲಿ ಒಂದು ಒಳ್ಳೆ ಫ್ಯಾನ್ ಬಿದ್ದಿದೆ. ಭಾನುವಾರ ಇಬ್ರೂ ಹೋಗಿ ಹಾಕ್ಬಿಡೋಣ. ಮಾಡಿಗೊಂದು ತೂತು ಕೊರೆದ್ರೆ ಆಯ್ತು. ಸದ್ದಿಲ್ದೆ ಮುಗೀತದೆ.”

“ಮಾರ್ವಾ?”

“ಅವಳಿಗೆ ವೃದ್ಧಾಶ್ರಮದಲ್ಲಿ ಕೆಲ್ಸ ಸಿಕ್ಕಿದೆಯಂತಲ್ಲ.”

“ಊರೆಲ್ಲ ಅವಳೇ ಕೊಂದ್ಲು ಅಂತಿದೆ ಗ್ಯಾರೆಟ್.”

ಗ್ಯಾರೆಟ್ ಚಮಚ ಕೆಳಗಿಟ್ಟ. “ನೋಡು, ಸೇರ್ಸು ಅಂದಿದ್ದು ನಾನು. ಸೇರ್ಸಿದ್ದು ನೀನು. ಹೆಸರು ಬರೆದಿರೋದೂ ನೀನು. ಕೇಳಿದ್ರೆ ಯಾರನ್ನ ಮೊದಲು ಕೇಳ್ತಾರೆ, ಯೋಚ್ನೆ ಮಾಡು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

“ಅವನು ಹೇಳಿದ್ದು ನನ್ನ ಒಳ್ಳೇದಕ್ಕೇ,” ಅಂತ ಎಮರಿ ನನ್ನ ಮುಂದೆ ಎರಡು ಸಲ ಅಂದ. “ಆ ಫ್ಯಾನು ಒಳ್ಳೇ ಫ್ಯಾನೇ. ಭಾನುವಾರ ಹಾಕಿದ್ರೆ ಸೋಮವಾರದಿಂದ ನಾಯಿಗಳಿಗೆ ಗಾಳಿ ಬರ್ತಿತ್ತು. ನಾನು ಆಯ್ತು ಅಂತಾನೂ ಅಂದುಬಿಟ್ಟಿದ್ದೆ. ಕಾರಿನ ಹತ್ರ ಬಂದು ಬಾಗಿಲು ತೆಗೆಯೋವಾಗ ಮಾರ್ವಾ ನೆನಪಾದ್ಲು, ಮನಸ್ಸು ಒಪ್ಪಲಿಲ್ಲ.”

ಅಲ್ಲಿಂದ ನೇರ ರೋಂಡಾಳ ಕೋಣೆಗೆ ಬಂದು ಎಲ್ಲ ಹೇಳಿದ. ಏಣಿ ಹಿಡಿದವಳು ನಾನು ಅನ್ನುವುದನ್ನು ಮಾತ್ರ ಬಿಟ್ಟಿದ್ದ. ನಾನು ಒಳಗೆ ಹೋಗಿ ಅದನ್ನೂ ಸೇರಿಸಿದೆ. ರೋಂಡಾ ಎದ್ದು ಹೋಗಿ ತಾನೇ ಏಣಿ ಹತ್ತಿ ನೋಡಿದಳು. ಇಳಿದು ಬಂದು ನಮ್ಮ ಮುಂದೆ ನಿಂತಳು. “ಮೂರು ವಾರ,” ಅಂದಳು. “ಮೂರು ವಾರದಿಂದ ನಿಮ್ಮಿಬ್ರಿಗೂ ಗೊತ್ತಿತ್ತು. ನಾನು ಆ ಡೋನಟ್ ಹಂಚೋವಾಗ್ಲೂ ಸುಮ್ನಿದ್ರಿ.”

ಕಮಿಷನರುಗಳ ಸಭೆ ಗುರುವಾರ ಬೆಳಿಗ್ಗೆ. ರೋಂಡಾ ಕಾಗದಪತ್ರ ಇಟ್ಟುಕೊಂಡು ಮಾತಾಡಿದಳು. ಡಾಕ್ಟರ್ ಟ್ರೂಯಿಟ್ ಎದ್ದು, “ಗಾಳಿಯಿಂದಲೇ ಎಲ್ಲ ಮರಿಗೂ ಹರಡ್ತು ಅಂತ ನಾನು ಆಣೆ ಮಾಡಿ ಹೇಳಲ್ಲ. ಆದ್ರೆ ಆ ಕೊಳವೆ ಹಾಗಿರೋವಾಗ ಎಲ್ಲ ದೋಷಾನೂ ಒಬ್ಬ ಹೆಂಗಸಿನ ಬೂಟಿನ ಮೇಲೆ ಹಾಕಿದ್ದು ತಪ್ಪು,” ಅಂದರು. ಆಮೇಲೆ ಎಮರಿ ಮೈಕಿನ ಮುಂದೆ ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬರೆದು ತಂದಿದ್ದ ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ.

“ನಕ್ಷೆಯಲ್ಲಿ ಫ್ಯಾನ್ ಇತ್ತು. ಹಾಕ್ಲಿಲ್ಲ. ಕೊಳವೆ ಸೇರ್ಸಿದ್ದು ನಾನು. ತಪ್ಪು ಅಂತ ಅವತ್ತೇ ಗೊತ್ತಿತ್ತು. ಗೊತ್ತಾದ ಮೇಲೂ ಮೊನ್ನೆ ಮೂರು ವಾರ ಮುಚ್ಚಿಟ್ಟೆ. ಮಾರ್ವಾ ಕಿಂಬಲ್ ಆ ಮರಿಗಳನ್ನ ಕೊಲ್ಲಲಿಲ್ಲ. ಇಷ್ಟೇ.”

ಕಮಿಷನರುಗಳಲ್ಲಿ ಒಬ್ಬಾಕೆ ಕೇಳಿದಳು, “ಸೇರ್ಸು ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?”

ಎಮರಿ ಗ್ಯಾರೆಟ್‌ನನ್ನು ನೋಡಿದ. ಗ್ಯಾರೆಟ್ ಮುಂದಿದ್ದ ಕಾಗದ ನೋಡುತ್ತಿದ್ದ. ಎಮರಿ ಹೇಳುತ್ತಾನೆ ಅಂತ ನಾನು ಕಾದೆ. “ಅದನ್ನ ಅವ್ರೇ ಹೇಳ್ಬೇಕು,” ಅಂದ ಎಮರಿ.

“ಹದಿನೆಂಟು ಹತ್ತೊಂಬತ್ತು ವರ್ಷ ಆಯ್ತು,” ಅಂದ ಗ್ಯಾರೆಟ್. “ನಂಗೆ ನೆನಪಿಲ್ಲ.”

ಎಮರಿ ತಲೆಯಾಡಿಸಿ ಬಂದು ನನ್ನ ಪಕ್ಕ ಕೂತ. ಗ್ಯಾರೆಟ್ ಬೈದಿದ್ದರೆ ತಡೆದುಕೊಳ್ಳುತ್ತಿದ್ದ ಅನ್ನಿಸುತ್ತದೆ. ಆ ಎರಡು ಮಾತು ಅವನನ್ನು ಒಳಗಿನಿಂದ ತಿಂದಿತು. ಆಮೇಲೆ ಎಷ್ಟೋ ದಿನ ನಡುವೆ ಕೆಲಸ ನಿಲ್ಲಿಸಿ, “ಅವನಿಗೆ ನಿಜವಾಗ್ಲೂ ನೆನಪಿಲ್ದೆ ಇರಬಹುದಾ? ನಾನೇ ಮರೆತಿರ್ಲಿಲ್ವಾ?” ಅಂತ ಕೇಳುತ್ತಿದ್ದ.

ಕೌಂಟಿಯವರು ಅವನನ್ನು ಮೂವತ್ತು ದಿನ ಸಂಬಳವಿಲ್ಲದೆ ಮನೆಗೆ ಕಳಿಸಿದರು. ನನಗೆ ಎಚ್ಚರಿಕೆಯ ಕಾಗದ ಕೊಟ್ಟರು. ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಅಂಗಡಿಯಲ್ಲಿ ಒಬ್ಬಳು ಅವನ ಗಾಡಿಯಲ್ಲಿದ್ದ ನಾಯಿತಿಂಡಿಯ ಚೀಲ ನೋಡಿ, “ಇದನ್ನೂ ಸಾಯಿಸ್ತೀಯಾ?” ಅಂದಳಂತೆ. ಆ ಚೀಲ ಪಕ್ಕದ ಮನೆಯವರಿಗೆ. ಎಮರಿಯ ಮನೆಯಲ್ಲಿ ನಾಯಿಯೇ ಇರಲಿಲ್ಲ.

ಆ ಮೂವತ್ತು ದಿನದಲ್ಲೇ ಒಂದು ಮಧ್ಯಾಹ್ನ ನಾವಿಬ್ಬರೂ ಮಾರ್ವಾಳನ್ನು ನೋಡಲು ಹೋದೆವು. ವೃದ್ಧಾಶ್ರಮದ ಹಿಂದೆ, ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಬಿಡುವಿನಲ್ಲಿ ಸಿಗರೇಟು ಸೇದುತ್ತ ನಿಂತಿದ್ದಳು. ಎಮರಿ ಟೋಪಿ ತೆಗೆದ. ಹೇಳಬೇಕಾದ್ದನ್ನು ಹೇಳಿದ. ಅವಳು ಅವನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

“ಲೋಯಿಸ್, ನೀನು ನನ್ನ ಬೂಟು ನೋಡ್ದೆ. ಸರಿ. ನೋಡಿದ್ದು ಹೇಳ್ದೆ. ಅದೂ ಸರಿ. ಆ ದಿನ ನಾನು ಡಬ್ಬಿ ಹಿಡ್ಕೊಂಡು ಹೋಗೋವಾಗ ನಿನ್ನ ಫೋನು ರಿಂಗೇ ಆಗಿರ್ಲಿಲ್ಲ.”

“ಗೊತ್ತು,” ಅಂದೆ. “ತಪ್ಪಾಯ್ತು ಮಾರ್ವಾ.”

“ಇಬ್ರೂ ಒಟ್ಟಿಗೆ ಬಂದಿದೀರ. ನಂದು ಹತ್ತು ನಿಮಿಷ ಬಿಡುವು. ಇಬ್ಬರಿಗೂ ಸಮಾಧಾನ ಹೇಳೋಕೆ ಸಾಲಲ್ಲ,” ಅಂದಳು. ಸಿಗರೇಟು ಆರಿಸಿದಳು. “ಒಂದು ತಿಂಗ್ಳು ನಂಗೆ ನಿದ್ದೆ ಬರ್ಲಿಲ್ಲ. ನನ್ನ ಕೈಯೇ ಕೊಂದಿತು ಅಂತ ನಾನೂ ನಂಬಿದ್ದೆ. ಅದನ್ನ ಯಾವ ಪೇಪರಲ್ಲಿ ಹಾಕ್ಸಿ ವಾಪಸ್ ಕೊಡ್ತೀರ?”

ಒಳಗೆ ಹೋದಳು. ಕೆಲಸಕ್ಕೆ ವಾಪಸು ಬಾ ಅಂತ ಆಮೇಲೆ ರೋಂಡಾ ಎರಡು ಸಲ ಕಾಗದ ಬರೆದಳು. ಮಾರ್ವಾ ಉತ್ತರಿಸಲಿಲ್ಲ.

ಕಟ್ಟಡದ ಕೆಲಸ ಜುಲೈನಲ್ಲಿ ಶುರುವಾಯಿತು. ಹೊರಗಿನಿಂದ ಬಂದ ಕಂಪನಿಯವರು ಮಾಡಿದರು. ಎಮರಿ ಕೌಂಟಿಯ ನೌಕರ, ಗುತ್ತಿಗೆಯವರ ತಗಡು ಮುಟ್ಟುವ ಹಾಗಿರಲಿಲ್ಲ. ಆದರೆ ಅವರು ನಕ್ಷೆ ಬಿಡಿಸುವ ಮೊದಲು ರೋಂಡಾ ಅವನನ್ನೇ ಮುಂದೆ ಕೂರಿಸಿದಳು. ಮೂವತ್ತು ದಿನ ಮನೆಯಲ್ಲಿ ಕೂತಾಗ ಅವನು ಒಂದು ಶಾಲೆಯ ನೋಟುಪುಸ್ತಕ ತುಂಬ ಬರೆದಿದ್ದ. ಕಾಯಿಲೆ ಕೋಣೆಗೆ ಅದರದೇ ಫ್ಯಾನು, ಅದರದೇ ಬಿಸಿಯಂತ್ರ, ಹೊರಗಿನಿಂದಲೇ ಒಳಬರುವ ಬಾಗಿಲು. ಎರಡು ಗೂಡನ್ನು ಒಂದು ಮಾಡಿ ನಡುವೆ ಮೇಲಕ್ಕೆಳೆಯುವ ಕದ. ಒಂದು ಕಡೆ ತೊಳೆಯುವಾಗ ನಾಯಿ ಇನ್ನೊಂದು ಕಡೆ ಒಣಗಿದ ನೆಲದಲ್ಲಿರಬೇಕು. ಪ್ರತಿ ಗೂಡಿಗೂ ಬೇರೆ ಚರಂಡಿ. ಎದುರಿನ ನಾಯಿ ಕಾಣದ ಹಾಗೆ ಮುಂಭಾಗದ ಅರ್ಧಕ್ಕೆ ಗೋಡೆ. ಬೆಕ್ಕುಗಳಿಗೆ ನಾಯಿಗಳ ಸದ್ದು ಕೇಳದ ಮೂಲೆಯಲ್ಲಿ ಕಿಟಕಿಯಿರುವ ಕೋಣೆ.

ಕಂಪನಿಯ ಮೇಸ್ತ್ರಿ ಪುಸ್ತಕ ತಿರುವಿ, “ಇಷ್ಟು ಮಾಡಿದ್ರೆ ಗೂಡುಗಳು ಅರ್ಧಕ್ಕರ್ಧ ಕಮ್ಮಿ ಆಗ್ತವೆ ಯಜಮಾನ್ರೇ,” ಅಂದ.

“ಆಗ್ಲಿ.”

“ಉಳಿದ ನಾಯಿಗಳು ಎಲ್ಲಿ ಹೋಗ್ಬೇಕು?”

ಅಲ್ಲೇ ಎಲ್ಲರೂ ತಡವರಿಸಿದೆವು. ಜಾಗ ಕಡಿಮೆ ಆದರೆ, ಬಂದ ನಾಯಿಯನ್ನು ಯಾರೂ ಒಯ್ಯದಿದ್ದರೆ, ಡಾಕ್ಟರ್ ಟ್ರೂಯಿಟ್‌ರ ಸೂಜಿಗೇ ಕೆಲಸ ಹೆಚ್ಚು. ಕೊನೆಗೆ ಕಟ್ಟಡದ ಅರ್ಧ ಭಾಗಕ್ಕೆ ಹೊಸ ಗೂಡು, ಇನ್ನರ್ಧ ಹಳೆಯದೇ ಅಂತಾಯಿತು. ನಾಯಿ ಸಾಕಲು ಮನೆಗೆ ಒಯ್ಯುವವರನ್ನು ಹುಡುಕಲು ರೋಂಡಾ ಚರ್ಚುಗಳಿಗೆ, ಶಾಲೆಗಳಿಗೆ ಅಲೆದಳು. ಮೊದಲ ತಿಂಗಳು ಹನ್ನೊಂದು ಮನೆ ಸಿಕ್ಕಿತು. ಸಾಲಲಿಲ್ಲ. ಅಕ್ಟೋಬರಿನಲ್ಲಿ ಜಾಗವಿಲ್ಲದೆ ನಾಲ್ಕು ಆರೋಗ್ಯವಂತ ನಾಯಿಗಳು ಆ ಸೂಜಿಗೆ ಹೋದವು. ಆ ದಿನ ಎಮರಿ ಹೊಸ ಗೂಡುಗಳ ಸಾಲಿನಲ್ಲಿ ಒಂದು ಕದವನ್ನು ಎತ್ತುವುದು, ಇಳಿಸುವುದು, ಎತ್ತುವುದು, ಇಳಿಸುವುದು ಮಾಡುತ್ತ ನಿಂತಿದ್ದ.

“ನಾನು ಸರಿ ಮಾಡ್ತೀನಿ ಅಂತ ಹೋದ ಕಡೆ ಎಲ್ಲ ಹೀಗೇ ಆಗ್ತದಲ್ಲ,” ಅಂದ.

“ಅದು ನಿನ್ನಿಂದ ಆಗಿದ್ದಲ್ಲ ಎಮರಿ.”

“ಅದು ಯಾರಿಂದ ಆಗಿದ್ದು ಅಂತ ನೀನೂ ಹೇಳಲ್ಲ, ನಾನೂ ಹೇಳಲ್ಲ. ಹೀಗೇ ತಾನೆ ಆ ಕೊಳವೆ ಹತ್ತೊಂಬತ್ತು ವರ್ಷ ಅಲ್ಲಿದ್ದಿದ್ದು.”

ಅದರ ಮುಂದಿನ ಚಳಿಗಾಲದಲ್ಲಿ ಮತ್ತೆ ರೋಗ ಬಂತು. ರಸ್ತೆಯಲ್ಲಿ ಸಿಕ್ಕ ಒಂದು ಹೆಣ್ಣುನಾಯಿ ತಂದಿತು. ಒಟ್ಟು ಒಂಬತ್ತು ನಾಯಿ ಕಾಯಿಲೆ ಬಿದ್ದವು, ಮೂರು ಸತ್ತವು. ಎಲ್ಲವೂ ಹಿಂದಿನ ಕೋಣೆಯಲ್ಲೇ. ಮರಿಗಳ ಕೋಣೆಗೆ ಕೆಮ್ಮು ಬರಲಿಲ್ಲ. ಆ ಚಳಿಗಾಲವಿಡೀ ಎಮರಿ ದಿನಕ್ಕೆರಡು ಸಲ ಕಾಗದದ ತುಂಡು ಹಿಡಿದು ಪ್ರತಿ ಜಾಲರಿಯ ಕೆಳಗೂ ನಿಂತು ನೋಡಿದ. ಫೆಬ್ರವರಿ ಕಳೆದ ದಿನ ರೋಂಡಾ ಅವನ ಭುಜ ತಟ್ಟಿದಳು. ಅವನು ನೋವಿಗೆ ಮುಖ ಹಿಂಡಿದ. ಕೆಟ್ಟ ಭುಜ ಅದು. ಇಬ್ಬರೂ ಸ್ವಲ್ಪ ನಕ್ಕರು.

ಮಾರ್ವಾ ಒಂದು ಸಲ ಬಂದಳು, ಏಪ್ರಿಲ್‌ನಲ್ಲಿ. ಕೆಲಸಕ್ಕಲ್ಲ. ವೃದ್ಧಾಶ್ರಮದ ಅಜ್ಜಿಯೊಬ್ಬಳಿಗೆ ಬೆಕ್ಕು ಬೇಕಿತ್ತು. ನನ್ನ ಮೇಜಿನಲ್ಲಿ ಅರ್ಜಿ ತುಂಬಿದಳು, ನಾನು ಪೆನ್ನು ಕೊಟ್ಟೆ, ಅವಳು ಥ್ಯಾಂಕ್ಸ್ ಅಂದಳು. ಬೆಕ್ಕಿನ ಕೋಣೆಗೆ ಎಮರಿಯೇ ಕರೆದುಕೊಂಡು ಹೋದ. ಬರುವಾಗ ಅವಳು ಮರಿಗಳ ಕೋಣೆಯ ಮುಂದೆ ನಿಂತು ಗಾಜಿನಿಂದ ಒಳಗೆ ನೋಡಿದಳು. “ಒಳಗೆ ಬೇಕಾದ್ರೆ ಹೋಗು,” ಅಂದ ಎಮರಿ. ಅವಳು ಬೇಡ ಅಂತ ತಲೆಯಾಡಿಸಿದಳು. “ಆ ಮೂಲೇಲಿರೋ ಕಂದು ಮರಿ ಸರಿಯಾಗಿ ಹಾಲು ಕುಡೀತಿಲ್ಲ, ನೋಡ್ಕೊಳ್ಳಿ,” ಅಂದು, ಬೆಕ್ಕಿನ ಪೆಟ್ಟಿಗೆ ಎತ್ತಿಕೊಂಡು ಹೋದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಆ ಮರಿಗೆ ಒಂದು ವಾರ ಕೈಯಲ್ಲಿ ಹಾಲು ಹಾಕಬೇಕಾಯಿತು.

ಗ್ಯಾರೆಟ್ ಮತ್ತೆ ಚುನಾವಣೆಗೆ ನಿಂತು ಗೆದ್ದ. ಎಮರಿಯನ್ನು ಕಂಡರೆ ಈಗಲೂ ಕೈ ಎತ್ತುತ್ತಾನೆ, ಎಮರಿಯೂ ಎತ್ತುತ್ತಾನೆ, ಹತ್ತಿರ ಹೋಗುವುದಿಲ್ಲ. ಉಳಿದರ್ಧ ಕಟ್ಟಡದ ಮಾತು ಸಭೆಗೆ ಬಂದಾಗಲೆಲ್ಲ ಎಮರಿ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂರುತ್ತಾನೆ. ಮೂರು ಸಲ ಮುಂದಕ್ಕೆ ಹಾಕಿದ್ದಾರೆ. ಅವನ ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ಅಷ್ಟರೊಳಗೆ ಆಗುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಹಳೆಯ ಸಾಲಿನ ನಾಯಿಗಳು ಬೆಳಿಗ್ಗೆ ಪೈಪಿನ ಸದ್ದು ಕೇಳಿದ ಕೂಡಲೆ ಈಗಲೂ ಅವನು ಮಾಡಿಕೊಟ್ಟ ಮಣೆ ಹತ್ತಿ ನಿಲ್ಲುತ್ತವೆ. ಅವನು ನೀರನ್ನು ಆದಷ್ಟು ಸಣ್ಣಗೆ ಬಿಟ್ಟುಕೊಂಡು, ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತ ತೊಳೆಯುತ್ತಾನೆ. ಆ ಸಾಲು ಮುಗಿಯುವುದಕ್ಕೆ ಮಧ್ಯಾಹ್ನವಾಗುತ್ತದೆ.